ಮಲಪನಗುಡಿ ಬಾವಿಗೆ ಬಿದ್ದ ಸಿನಿಮಾಗಳು

ಹೊಸಪೇಟೆಯಲ್ಲಿ ಸಂಡೂರು ರಸ್ತೆಗೆ ಮನೆ ಕಟ್ಟಿದವರ ಹಣೆಬರಹವೇ ಕೆಂಪು. ಅದಿರು ಲಾರಿ ಓಡಿ ಓಡಿ, ಒಗೆದ ಪಂಚೆಯ ಮೇಲೂ ಧೂಳು, ಅಕ್ಕಿ ಗಿರಣಿ ಮರುಳಸಿದ್ದಪ್ಪನವರು ದುಡ್ಡು ಕೊಟ್ಟು ಕೊಂಡ ಸಿನಿಮಾ ಡಿಸ್ಕುಗಳ ಮೇಲೂ ಧೂಳು. ಒರೆಸಿದಷ್ಟೂ ಗೀರು. ಮೊಣಕಾಲು ನೋವಿನ ಹೆಂಡತಿ ಕೊಟ್ರಮ್ಮನಿಗೆ ಸಿನಿಮಾ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಅದಕ್ಕೇ ಮಗಳು ಕಾವ್ಯ, ಡಿಸ್ಕು ಪೂರ್ತಿ ಕೆಡುವ ಮೊದಲು ನೂರಿಪ್ಪತ್ತು ಸಿನಿಮಾಗಳನ್ನು ಒಂದು ಕಂಪ್ಯೂಟರಿಗೆ ಇಳಿಸಿ, ಟಿವಿಗೆ ವೈರು ಎಳೆದುಕೊಟ್ಟಳು. ಭಾನುವಾರ ಪಕ್ಕದ ಮನೆಯ ಮೂಕಣ್ಣನೂ ಬಂದು ಕೂರುತ್ತಿದ್ದ. ಮೂವತ್ತು ವರ್ಷದ ಗೆಳೆಯ.

ಅಷ್ಟರಲ್ಲಿ ಕಂಪ್ಲಿಯ ಒಂದು ನಕಲಿ ಸಿ.ಡಿ. ಅಂಗಡಿಗೆ ಪೊಲೀಸರು ನುಗ್ಗಿದ ಸುದ್ದಿ ಬಂತು. ಯಜಮಾನ ಮರುಳಸಿದ್ದಪ್ಪನವರು ಪರಿಚಯದ ವಕೀಲರ ಬಳಿ ಓಡಿದರು.

"ನನ್ನ ಹತ್ರ ರಸೀದಿ ಅದಾವಲ್ರಿ?"

"ನೀವು ಕೊಂಡಿದ್ದು ಡಿಸ್ಕು, ಸಿನಿಮಾ ಅಲ್ರಿ. ಮನಿಗಂತ ನಕಲು ಮಾಡ್ಕೊಂಡ್ರ ತಪ್ಪೋ ಒಪ್ಪೋ, ಕೋರ್ಟಿಗೆ ಹೋದ ಮ್ಯಾಲ ಗೊತ್ತಾಗ್ತದ."

ಕೋರ್ಟು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರಿಗೆ ಅನ್ನ ರುಚಿಸಲಿಲ್ಲ. ಮೂರನೇ ದಿನ ಬೈಕಿನವನೊಬ್ಬ ಗೇಟಿನ ಮುಂದೆ ನಿಂತು, ಕಿಟಕಿ ನೋಡಿ, ಪುಸ್ತಕದಲ್ಲಿ ಏನೋ ಬರೆದುಕೊಂಡು, ಮೂಕಣ್ಣನ ಮನೆಯಲ್ಲಿ ಚಾ ಕುಡಿದು ಹೋದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಆಸಾಮಿ ನಮ್ಮ ಯಜಮಾನರು. ಹಿಂದಿನ ವಾರವಷ್ಟೇ ಮೂಕಣ್ಣ ಗೀರಿಲ್ಲದ ಒಂದು ಡಿಸ್ಕು ಕೇಳಿ ಒಯ್ದಿದ್ದ. ಯಾಕೆ? ಪೊಲೀಸರಿಗೆ ಸಾಕ್ಷಿ ತೋರಿಸಲಿಕ್ಕೆ!

"ಲೇ ಮೂಕ, ನನ್ನ ಮನ್ಯಾಗ ಉಂಡು ನನ್ನ ಮ್ಯಾಲ ಚಾಡಿ ಹೇಳ್ತೀಯೇನಲೇ? ಇನ್ನ ನನ್ನ ಹೊಸ್ತಿಲು ತುಳಿಬ್ಯಾಡ!"

ಮೂಕಣ್ಣ ಬಾಯಿ ತೆರೆಯುವ ಮೊದಲೇ ತಿರುಗಿ ಬಂದರು. ಸಿನಿಮಾ ಅಳಿಸುವುದು ಹೇಗೆಂದು ಮಗಳನ್ನು ಕೇಳಲು ಬಿಗುಮಾನ. ಕಂಪ್ಯೂಟರನ್ನೇ ಗಿರಣಿಯ ಚೀಲಕ್ಕೆ ತುಂಬಿ, ಮಲಪನಗುಡಿಯ ಹಳೇ ಬಾವಿಗೆ ಹಾಕಿ ಬಂದರು.

"ಡಿಸ್ಕು ಕೆಟ್ವು, ಕಂಪ್ಯೂಟರ್ ಪೆಟ್ಗಿ ಮುಣುಗ್ತು. ಇನ್ನ ನಾನು ಗ್ವಾಡಿ ನೋಡ್ಕೊಂತ ಕುಂದ್ರಲೇನು?" ಎಂದು ಕೊಟ್ರಮ್ಮ ಅತ್ತರು.

ಸೋಮವಾರ ಆ ಬೈಕಿನವನು ನೇರ ಬಾಗಿಲಿಗೇ ಬಂದ.

"ಅದಿರು ಲಾರಿ ಧೂಳಿನ ಸರ್ವೆಗೆ ಬಂದೀನ್ರಿ. ಮೂಕಣ್ಣೋರು ಅರ್ಜಿ ಹಾಕ್ಯಾರ. ಗೆಳೆಯನ ಹೆಂಡ್ತಿ ನೋಡೋ ಡಿಸ್ಕು ಸೈತ ಧೂಳಿಗೆ ಹಾಳಾದ್ವು, ಮೊದಲು ಅವ್ರ ಮನಿ ನೋಡ್ರಿ ಅಂದ್ರು. ಆ ಡಿಸ್ಕು ತೋರಿಸ್ತೀರೇನ್ರಿ?"

ಮರುಳಸಿದ್ದಪ್ಪನವರಿಗೆ ನೆಲ ಬಿರಿದು ನುಂಗಬಾರದೇ ಅನಿಸಿತು. ಡಿಸ್ಕಿನ ಪೆಟ್ಟಿಗೆಯನ್ನು ಅವನ ಮುಂದಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಹೋದರು. ಮೂಕಣ್ಣ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಡಿಸ್ಕು ತಂದುಕೊಟ್ಟ.

"ತಗೋರಿ ಯಜಮಾನ್ರ. ಗೀರು ಬೀಳದ್ದು ಹೆಂಗಿರ್ತದ ಅಂತ ಸರ್ವೆಯವ್ರಿಗೆ ತೋರ್ಸಾಕ ಒಯ್ದಿದ್ದೆ. ಕೊಟ್ರಮ್ಮಕ್ಕಗ ಕೊಡ್ರಿ, ಇದೊಂದಾದ್ರೂ ನೋಡ್ಲಿ."

"ಒಳಗ ಬರ್ಲೇನೋ, ಮೂಕ?"

"ಹೊಸ್ತಿಲು ಧೂಳು ಹಿಡದೈತ್ರಿ, ತುಳಿಬ್ಯಾಡ್ರಿ" ಎಂದು ಮೂಕಣ್ಣ ಮೆಲ್ಲಗೆ ಬಾಗಿಲು ಹಾಕಿಕೊಂಡ.