ಎರಡು ಗೆರೆ

“ಹೇಳಮ್ಮ ಪಂಡಿತೆ, ಎಷ್ಟು ಬಂತು?”

ತಂಗಿ ಮೈಕ್ರೋಮೀಟರನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. ಕಬ್ಬಿಣ ಕಡೆಯುವ ಲೇತಿನ ಚಕ್ಕು ಕಚ್ಚಿ ಹಿಡಿದಿದ್ದ ಸರಳು ಈ ತುದಿಯಿಂದ ಆ ತುದಿಗೆ ಒಂದೇ ದಪ್ಪ ಇರಬೇಕಿತ್ತು.

“ಎರಡು ಗೆರೆ ವ್ಯತ್ಯಾಸ ಇದೆ, ಅಣ್ಣ.”

ಅಣ್ಣ ಗೋಡೆಗೆ ಒರಗಿದ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವನು. ಕೈಯಲ್ಲಿ ಕಸುಬು ಇನ್ನೂ ಇತ್ತು, ಕಣ್ಣು ಸೋತಿತ್ತು. ಮೈಕ್ರೋಮೀಟರಿನ ಸಣ್ಣ ಗೆರೆಗಳು ಅವನಿಗೆ ಕಾಣುತ್ತಿರಲಿಲ್ಲ. ಗುಜರಿಯಿಂದ ತಂದ ಈ ಹಳೇ ಲೇತಿನ ತುಕ್ಕು ಕೆರೆದು, ಹಲ್ಲು ಮುರಿದ ಗಾಲಿ ಬದಲಿಸಿ, ಮನೆಯಲ್ಲೇ ಕೆಲಸ ಹಿಡಿಯುತ್ತೇನೆಂದು ಎರಡು ವರ್ಷ ಅದರೊಡನೆ ಹೆಣಗಿದ್ದ. ಅಳತೆ ಓದುವುದು ತಂಗಿಯ ಪಾಲು.

“ಹೋದ ಭಾನುವಾರವೂ ಎರಡು, ಇವತ್ತೂ ಎರಡು. ಇವತ್ತು ಲೇತಿನ ಕಾಲಿನಡಿಗೆ ತಗಡು ಕೊಟ್ಟಿದ್ದು ದಂಡ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಯ್ತು ನನ್ನ ಕತೆ. ನೆಲದ್ದೇನೂ ತಪ್ಪಿಲ್ಲ ಕಣೆ, ಇದರ ಮೈಯೇ ಸವೆದಿದೆ. ಅದಕ್ಕೆ ನನ್ನತ್ರ ಮದ್ದಿಲ್ಲ.” ಅವನು ಮೊಣಕಾಲು ಒತ್ತಿಕೊಂಡ. “ಸಾಕಾಯ್ತು. ಆ ಗುಜರಿಯವನಿಗೆ ಫೋನ್ ಮಾಡು. ಸಂಜೆ ಬಂದು ಹೊತ್ಕೊಂಡು ಹೋಗ್ಲಿ.”

ಅವಳು ಫೋನು ಕೈಗೆತ್ತಿಕೊಂಡಳು, ಮಾಡಲಿಲ್ಲ.

ಹೋದ ಭಾನುವಾರ ಬಂದದ್ದು ಎರಡಲ್ಲ, ನಾಲ್ಕು. ಅಂದು ಅವನು ಸೊಂಟ ಹಿಡಿದುಕೊಂಡು ನೆಲದ ಮೇಲೆಯೇ ಉರುಳಿದ್ದ. ಆ ಮುಖಕ್ಕೆ ನಾಲ್ಕು ಎನ್ನಲು ಬಾಯಿ ಬರಲಿಲ್ಲ. ಒಂದು ಗೆರೆ ಎಂದರೆ ಕೂದಲೆಳೆಗಿಂತ ತೆಳು. ಎರಡು ಕಡಿಮೆ ಹೇಳಿದರೆ ಯಾರ ಗಂಟು ಹೋಗುತ್ತದೆ ಎಂದುಕೊಂಡಿದ್ದಳು. ಆಮೇಲೆ ವಾರವಿಡೀ ಅದೇ ಕೊರೆದು, ಇವತ್ತು ಇದ್ದದ್ದನ್ನು ಇದ್ದಂತೆ ಹೇಳಿದ್ದಳು. ಅದೇ ಮುಳುವಾಯಿತು. ತಗಡು ದಂಡವಾಗಿರಲಿಲ್ಲ, ನಾಲ್ಕನ್ನು ಎರಡಕ್ಕೆ ಇಳಿಸಿತ್ತು. ಅದು ಅವಳೊಬ್ಬಳಿಗೇ ಗೊತ್ತು.

“ಅಣ್ಣ, ಹೋದ ವಾರ ನಾಲ್ಕಿತ್ತು.”

“ಏನು?”

“ನಾಲ್ಕು ಗೆರೆ. ನೀನು ಸೋತು ಸುಣ್ಣವಾಗಿದ್ದೆ. ಅದಕ್ಕೇ ಎರಡು ಅಂದೆ.”

ಅವನು ಬಗ್ಗಿ ಲೇತಿನ ಕಾಲಿನಡಿಯ ತಗಡನ್ನು ಬೆರಳಿಂದ ಮುಟ್ಟಿ ನೋಡಿದ.

“ಇನ್ನೆಷ್ಟು ಸಲ ಹೀಗೆ ಕರುಣೆ ತೋರ್ಸಿದೀಯ?”

“ಅದೊಂದೇ ಸಲ. ನಿನ್ನಾಣೆ.”

“ನನ್ನಾಣೆ ಯಾಕೆ? ನಾನಿನ್ನೂ ಸ್ವಲ್ಪ ದಿನ ಬದುಕ್ಬೇಕು.”

ಸ್ಪ್ಯಾನರ್ ಎತ್ತಿಕೊಂಡು ಅವನು ಮತ್ತೆ ನೆಲಕ್ಕೆ ಮಲಗಿದ. ಬೋಲ್ಟು ಸಡಿಲಿಸಿ, ಅಷ್ಟೇ ದಪ್ಪದ ಇನ್ನೊಂದು ತಗಡು ತೂರಿಸಿ, ಬಿಗಿದು, ಗೋಡೆ ಹಿಡಿದು ಎದ್ದ. ಲೇತು ಗುರುಗುಟ್ಟಿತು. ಸರಳಿನ ಎರಡೂ ತುದಿಯಿಂದ ಎಳೆ ಎಳೆಯಾಗಿ ಕಬ್ಬಿಣ ಸುಲಿದು ಬಿತ್ತು.

ಅವಳು ಅಳೆದಳು. ಈ ತುದಿ, ಆ ತುದಿ. ತಿಂಗಳುಗಟ್ಟಲೆ ಹೇಳಲು ಕಾದಿದ್ದ ಮಾತು ಈಗ ನಾಲಿಗೆಯ ಮೇಲೆ ಭಾರವಾಗಿ ಕೂತಿತು.

“ಎರಡೂ ಒಂದೇ, ಅಣ್ಣ. ಒಂದು ಗೆರೆಯೂ ಹೆಚ್ಚುಕಮ್ಮಿ ಇಲ್ಲ.”

ಅವನು ಅವಳ ಮುಖವನ್ನು ನೋಡಿದ. ಅದು ಅವನಿಗೆ ಚೆನ್ನಾಗಿಯೇ ಕಾಣುತ್ತಿತ್ತು.

“ಗುಜರಿಯವನು ಇವತ್ತು ಬೇಡ ಬಿಡು,” ಎಂದ. “ಇನ್ನೊಂದ್ಸಲ ಅಳೆ.”

ಅಳೆದಳು. ಒಂದೇ.

“ಇನ್ನೊಂದ್ಸಲ.”

ಐದನೆಯ ಸಲಕ್ಕೆ ಅವಳು ಸೋತ ತೋಳನ್ನು ಒಮ್ಮೆ ಕೊಡವಿಕೊಂಡಳು. ಅವನು ಮೂಲೆಯ ಸ್ಟೂಲನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದ.

“ಕೂತ್ಕೊಂಡು ಅಳೆ.”