ಬೋಗಾಣಿಯ ಮೇಲಿನ ಹೆಸರು

ಆ ಸೋಮವಾರ ಮುಂಜಾನೆ ಯಂಕಂಚಿಯ ಮೇಲೆ ಮೋಡವಿತ್ತು, ಮಳೆ ಇರಲಿಲ್ಲ. ಶ್ರಾವಣ ಹಿಡಿದು ಎಂಟು ದಿನವಾಗಿದ್ದರೂ ಆಷಾಢದ ಗಾಳಿ ಇನ್ನೂ ಊರು ಬಿಟ್ಟಿರಲಿಲ್ಲ. ಹಟ ಹಿಡಿದ ಬೀಗರಂತೆ ಓಣಿ ಓಣಿ ತಿರುಗಿ, ಒಣಹಾಕಿದ ಸೀರೆಗಳನ್ನು ಎಳೆದಾಡಿ, ಒಲೆಯ ಉರಿಯನ್ನು ಬಾಗಿಲ ಕಡೆ ತಿರುಗಿಸಿ ಹೋಗುತ್ತಿತ್ತು. ಗುರವ್ವ ಆ ಉರಿಗೆ ಮೈ ಅಡ್ಡ ಕೊಟ್ಟು ಕೂತು ರೊಟ್ಟಿ ಬಡಿಯುತ್ತಿದ್ದಳು. ಐವತ್ನಾಲ್ಕು ವರ್ಷದ ಹೆಂಗಸು. ಶಿವನ ನೆನೆಯದೆ ಒಲೆ ಹೊತ್ತಿಸಿದವಳಲ್ಲ, ಹೊತ್ತಿಸಿದ ಒಲೆಯ ಮುಂದೆ ಕೆಟ್ಟ ಮಾತು ಆಡಿದವಳಲ್ಲ.

ಮಗ್ಗುಲು ಓಣಿಯ ಹನಮವ್ವ ಫೋನು ಹಿಡಿದುಕೊಂಡು ಓಡಿಬಂದಳು.

“ಏ ಗುರವ್ವಾ, ನಿನಗ ಶಾಲು ಹೊಚ್ಚ್ಯಾರ ನೋಡಬೇ. ಆದ್ರ ಮೈ ನಿನ್ನ ಮೈದುನಂದು!”

ಗುರವ್ವ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋಟೊ ನೋಡಿದಳು. ನಿನ್ನೆ ಭಾನುವಾರ ಸಿಂದಗಿಯಲ್ಲಿ ತೆಗೆದದ್ದು. ವೇದಿಕೆಯ ಮೇಲೆ ನಾಲ್ಕೈದು ಜನ ದೊಡ್ಡವರು, ನಡುವೆ ಹಸಿರು ಶಾಲು ಹೊದ್ದು, ಕಾಗದ ಎದೆಗವಚಿಕೊಂಡು ನಿಂತ ಸಿದ್ದಲಿಂಗ, ಅವಳ ಗಂಡನ ತಮ್ಮ. ಹಿಂದಿನ ಬ್ಯಾನರಿನ ಅಕ್ಷರಗಳನ್ನು ಗುರವ್ವ ಬೆರಳಿಟ್ಟು ಒಂದೊಂದಾಗಿ ಓದಿದಳು. ‘ವಯಸ್ಕರ ಕಲಿಕಾ ಕೇಂದ್ರಗಳ ಆನ್‌ಲೈನ್ ಕ್ವಿಜ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ.’

ಓದಿ ಮುಗಿಸುವ ಹೊತ್ತಿಗೆ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು. ಮೂವತ್ತು ವರ್ಷದಲ್ಲಿ ಆ ಮನೆಯಲ್ಲಿ ರೊಟ್ಟಿ ಹೊತ್ತಿದ್ದು ಅದೇ ಮೊದಲು.

ಇದರ ಬೇರು ಹಳೆಯದು. ಗುರವ್ವನ ತಂದೆ ಅಗರಖೇಡದ ಕಾಳಪ್ಪ. ಹಗಲೆಲ್ಲ ಹೊಲ, ಸಂಜೆಗೆ ಮಠದಲ್ಲಿ ಪುರಾಣ ಓದುವ ಕಾಯಕ. ಶರಣರ ಪುರಾಣವೊಂದನ್ನು ಏಳು ವರ್ಷ ಕೂತು ತನ್ನ ಕೈಯಿಂದ ಬರೆದು, ದಪ್ಪ ಬಟ್ಟೆಯ ರಟ್ಟು ಹಾಕಿ ಹೊಲಿಸಿದ್ದ. ಮಗಳನ್ನು ಸಾಲೆಗೆ ಕಳಿಸಲಿಲ್ಲ, ಅದು ಅವನ ತಪ್ಪು. ಗಂಡನ ಮನೆಗೆ ಕಳಿಸುವಾಗ ಆ ಪುಸ್ತಕವನ್ನು ಅವಳ ಟ್ರಂಕಿನಲ್ಲಿಟ್ಟ, ಅದು ಅವನ ಪ್ರಾಯಶ್ಚಿತ್ತ. “ಇದು ನಿಂದು, ಮಗಳ. ನಿನಗ ಓದಾಕ ಬರೂತನಕ ಬ್ಯಾರೆಯವರು ಓದ್ಲಿ” ಎಂದಿದ್ದ. ಟ್ರಂಕು ಬಿಚ್ಚಿದ ದಿನವೇ ಮಾವನವರು ಅದನ್ನು ಕಿರಿಯ ಮಗ ಸಿದ್ದಲಿಂಗನ ಕೈಗೆ ಕೊಟ್ಟರು. ಅವನು ಮೆಟ್ರಿಕ್ ಓದಿದವನು, ಗಂಟಲೂ ಒಳ್ಳೆಯದು. ಅಂದಿನಿಂದ ಶ್ರಾವಣದ ಪುರಾಣ ಅವನದೇ.

ಮುಂದೆ ಅಣ್ಣತಮ್ಮಂದಿರ ಮನೆ ಪಾಲಾಯಿತು. ಹಿರಿಯರು ಅಂಗಳದಲ್ಲಿ ಭಾಂಡೆಗಳನ್ನು ಹರವಿ, ಮೇಲೆ ಕೊರೆದ ಹೆಸರು ಓದಿ ಓದಿ, ಇದು ಇವರದು ಅದು ಅವರದು ಎಂದು ಹಂಚಿದರು. ಕಾಳಪ್ಪನ ಹೆಸರಿದ್ದ ಎರಡು ಬೋಗಾಣಿ, ಒಂದು ತಂಬಿಗೆ ಗುರವ್ವನಿಗೆ ಬಂದವು. ಪುಸ್ತಕದ ಮೇಲೆ ಯಾರ ಹೆಸರೂ ಇರಲಿಲ್ಲ. ಅದು ಗೋಡೆಯಾಚೆ, ಸಿದ್ದಲಿಂಗನ ದೇವರ ಮನೆಯಲ್ಲಿ ಉಳಿಯಿತು.

ಹೋದ ವರ್ಷ ಸಮುದಾಯ ಭವನದಲ್ಲಿ ದೊಡ್ಡವರಿಗೆ ಓದು ಕಲಿಸುವ ತರಗತಿ ಶುರುವಾದಾಗ ಗುರವ್ವ ಮೊದಲ ಸಾಲಿನಲ್ಲಿ ಹೋಗಿ ಕೂತಳು. ಸುದ್ದಿ ಕೇಳಿದ ಸಿದ್ದಲಿಂಗ ಮಠದ ಕಟ್ಟೆಯ ಮೇಲೆ ನಾಲ್ಕು ಮಂದಿಯ ಎದುರು ನಕ್ಕಿದ್ದ.

“ವೈನಿ, ನಿನಗ ಓದಾಕ ಬರತೈತಿ ಅಂತ ಒಂದ ಕಾಗದ ತಂದು ತೋರಸು. ಅವತ್ತ ನಿಮ್ಮಪ್ಪನ ಪುಸ್ತಕ ನಿನ್ನ ಮನಿಗೆ.”

ಅವನು ಆಡಿದ್ದು ಗೇಲಿಗೆ. ಅವಳು ಕೇಳಿಸಿಕೊಂಡದ್ದು ವಚನವೆಂದು.

ತರಗತಿ ನಡೆಸುವವಳು ಅದೇ ಊರಿನ ಪಲ್ಲವಿ, ಬಿ.ಎಡ್. ಮುಗಿಸಿ ಮನೆಯಲ್ಲಿದ್ದ ಹುಡುಗಿ. ಸಂಸ್ಥೆಯೊಂದು ಅವಳಿಗೆ ಕ್ವಿಜ್ ಆಡಿಸುವುದನ್ನು ಕಲಿಸಿತ್ತು. ಗೋಡೆಯ ಟಿ.ವಿ.ಯಲ್ಲಿ ಪ್ರಶ್ನೆ, ಅದರ ಕೆಳಗೆ ನಾಲ್ಕು ಬಣ್ಣದ ಚೌಕ. ಕಲಿಯುವವರು ತಮ್ಮ ತಮ್ಮ ಫೋನಿನಲ್ಲಿ ಸರಿಯಾದ ಬಣ್ಣ ಒತ್ತಬೇಕು. ಸರಿಯಾದರೆ ಗಂಟೆ ಬಾರಿಸಿ ಹೂವು ಉದುರುತ್ತವೆ, ತಪ್ಪಿದರೆ ಎಮ್ಮೆ ಒದರಿದಂಥ ಸದ್ದು. ಮೊದಲು ಒಂದು ಪ್ರಶ್ನೆಗೆ ಇಪ್ಪತ್ತು ಸೆಕೆಂಡು ಇತ್ತು. ಗುರವ್ವ ಎರಡನೆಯ ಶಬ್ದ ಕೂಡಿಸಿಕೊಳ್ಳುವಷ್ಟರಲ್ಲಿ ಎಮ್ಮೆ ಒದರಿಬಿಡುತ್ತಿತ್ತು.

“ಹಾಲು ಉಕ್ಕಬೇಕಂದ್ರೂ ಇದಕ್ಕಿಂತ ಹೊತ್ತು ತಗೋತೈತಿ, ಟೀಚರ. ಐವತ್ತು ವರ್ಷ ಕಾದೇನಿ ನಾ. ಇದಕ್ಕ ಎರಡ ನಿಮಿಷ ಕಾಯಾಕ ಆಗೂದಿಲ್ಲೇನು?” ಎಂದು ಅವಳು ಒಂದು ದಿನ ಸಿಡಿದಳು. ಪಲ್ಲವಿ ನಾಚಿ, ಗಡಿಯಾರವನ್ನು ಎರಡು ನಿಮಿಷಕ್ಕೆ ಏರಿಸಿದಳು. ಆಮೇಲೆ ಗುರವ್ವ ತಪ್ಪಿದ್ದು ಕಡಿಮೆ.

ಫೋನು ಅವಳದಲ್ಲ. ಸಿದ್ದಲಿಂಗ ಹೊಸದು ಕೊಂಡ ಮೇಲೆ ಹಳೆಯದು ಗೂಡಿನಲ್ಲಿ ಬಿದ್ದಿತ್ತು. ತರಗತಿಯ ದಿನ ಮಧ್ಯಾಹ್ನ ಅವಳು ಅದನ್ನು ಕೇಳಿ ತರುತ್ತಿದ್ದಳು, ಸಂಜೆಗೆ ಮರಳಿಸುತ್ತಿದ್ದಳು. ಕ್ವಿಜ್ ತೆರೆದಾಗ ಹೆಸರಿನ ಜಾಗದಲ್ಲಿ ‘ಸಿದ್ದಲಿಂಗ’ ಎಂದು ತಾನಾಗಿಯೇ ಮೂಡುತ್ತಿತ್ತು.

“ದೊಡ್ಡವ್ವ, ಅದನ್ನ ಅಳಿಸಿ ನಿಮ್ಮ ಹೆಸರು ಹಾಕ್ರಿ,” ಎಂದಿದ್ದಳು ಪಲ್ಲವಿ.

ಗುರವ್ವ ಕೈ ಹಿಂದಕ್ಕೆ ಎಳೆದುಕೊಂಡಿದ್ದಳು. “ಜೀವಂತ ಇರೋ ಮನಿಷ್ಯಾನ ಹೆಸರು ಅಳಿಸ್ತಾರೇನ ತಂಗಿ? ಹಲಗಿ ಮ್ಯಾಲಿಂದೂ ಅಳಿಸಬಾರದು ಅಂತಿದ್ದ ನಮ್ಮಪ್ಪ. ಇರಲಿ ಬಿಡು. ಮಂದಿ ಬೋಗಾಣಿ ತಂದ್ರ ಅದರ ಮ್ಯಾಲ ಮಂದಿ ಹೆಸರು ಇರೂದ. ಅದಕ್ಕ, ಒಳಗಿನ ಸಾರು ಅವರು ಮಾಡಿದಂಗ ಆಕ್ಕೈತೇನು?”

ಎಲ್ಲರೂ ನಕ್ಕರು, ಪಲ್ಲವಿಯೂ ನಕ್ಕಳು. ತರಗತಿಯಲ್ಲಿ ಎಲ್ಲರಿಗೂ ಗೊತ್ತಿರುವ ಮಾತು, ಅಳಿಸಿದರೇನು ಬಿಟ್ಟರೇನು ಅಂದುಕೊಂಡರು.

ಜೂನಿನಲ್ಲಿ ನಾಲ್ಕು ತಾಲೂಕಿನ ಕೇಂದ್ರಗಳು ಒಂದೇ ಹೊತ್ತಿಗೆ ಕ್ವಿಜ್ ಆಡಿದವು. ಮೂವತ್ತು ಪ್ರಶ್ನೆ. ಗುಳಿಗೆಯ ಚೀಟಿಯ ಮೇಲೆ ಮುಗಿಯುವ ತಾರೀಖು ಯಾವುದು? ಈ ಹಲಗೆಯ ಪ್ರಕಾರ ಆಲಮಟ್ಟಿ ಬಸ್ಸು ಎಷ್ಟಕ್ಕೆ? ಗುರವ್ವ ಮೂವತ್ತಕ್ಕೆ ಮೂವತ್ತು ಸರಿ ಒತ್ತಿದಳು. ಟಿ.ವಿ.ಯ ತುಂಬ ಹೂವು ಉದುರಿ, ‘೧. ಸಿದ್ದಲಿಂಗ, ಯಂಕಂಚಿ’ ಎಂದು ಬಂತು. “ಸಿದ್ದಲಿಂಗಗ ಸೀರಿ ಉಡಸ್ಯಾರ ನೋಡ್ರೆವ್ವಾ!” ಎಂದು ಹನಮವ್ವ ಚಪ್ಪಾಳೆ ತಟ್ಟಿದ್ದಳು. ಪ್ರಮಾಣಪತ್ರ ಬರುತ್ತದೆ, ಹೆಸರು ತಿದ್ದಿಸಿ ಕೊಡುತ್ತೇನೆ ಎಂದಿದ್ದಳು ಪಲ್ಲವಿ. ಆದರೆ ಅಭಿನಂದನೆಯ ಸಂದೇಶ ಪಲ್ಲವಿಗೆ ಬರಲಿಲ್ಲ; ಹೆಸರಿನ ಜೊತೆಗಿದ್ದ ನಂಬರಿಗೆ, ಎಂದರೆ ಸಿದ್ದಲಿಂಗನ ಹೊಸ ಫೋನಿಗೆ ಬಂತು. ಅವನು ಯಾರಿಗೂ ಹೇಳದೆ ಇಸ್ತ್ರಿ ಅಂಗಿ ಹಾಕಿಕೊಂಡು ಸಿಂದಗಿ ಬಸ್ಸು ಹತ್ತಿದ್ದ.

ಹೊತ್ತಿದ ರೊಟ್ಟಿಯನ್ನು ದನಕ್ಕೆ ಹಾಕಿ ಗುರವ್ವ ಎದ್ದಳು. ಗಂಡ ಶ್ರೀಶೈಲಪ್ಪ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ.

“ಹೋಗ್ಲಿ ಬಿಡು. ಯಾರ ಹೆಸರಿಗೆ ಬಂದ್ರೇನು, ಮನಿತನದ ಹೆಸರು ಬಂತಲ್ಲ.”

“ಮನಿತನ ಬಂದು ಓದಿತ್ತೇನು, ಮೂವತ್ತು ಪ್ರಶ್ನಿ?” ಎಂದಳು. ಶ್ರೀಶೈಲಪ್ಪ ಹೆಗಲಿಗೆ ಟವೆಲು ಹಾಕಿಕೊಂಡು ಹೊಲದ ದಾರಿ ಹಿಡಿದ.

ಸಿಟ್ಟಿನಲ್ಲಿ ಹಾಲಿನ ಸಿಟ್ಟು ಒಂದಿದೆ, ಉಕ್ಕುತ್ತದೆ, ಒಲೆ ಆರಿಸಿ ತಾನೂ ಇಳಿಯುತ್ತದೆ. ಗುರವ್ವನದು ಅದಲ್ಲ. ಅವಳದು ಕುಳ್ಳಿನ ಕೆಂಡ. ಹೊಗೆಯಿಲ್ಲ, ಸದ್ದಿಲ್ಲ, ಕೈಯಿಟ್ಟವನಿಗೇ ಗೊತ್ತು. ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಹಿಂದಿನ ತರಗತಿಗೆ ತಂದು ಮರಳಿಸುವುದು ಉಳಿದಿದ್ದ ಹಳೆಯ ಫೋನನ್ನು ಅವಳು ಒಂದು ಬಟ್ಟಲಿನಲ್ಲಿಟ್ಟಳು. ಒಂದು ಗಳಿಗೆ ನಿಂತು, ಬೆಲ್ಲದ ಡಬ್ಬಿಯಿಂದ ಒಂದು ಚೂರು ಮುರಿದು ಅದರ ಪಕ್ಕಕ್ಕಿಟ್ಟಳು. ಎರವಲು ತಂದದ್ದನ್ನು ಬರಿದಾಗಿ ಮರಳಿಸಬಾರದು. ಸಿಟ್ಟು ಬಂತೆಂದು ರೀತಿ ಬಿಡಲಿಕ್ಕಾಗುತ್ತದೆಯೆ?

ಮಠದಲ್ಲಿ ಮುಂಜಾನೆಯ ಪುರಾಣ ಆಗತಾನೆ ಮುಗಿದಿತ್ತು. ಇಪ್ಪತ್ತು ಮೂವತ್ತು ಜನ ಇನ್ನೂ ಕೂತಿದ್ದರು. ಕಾಳಪ್ಪನ ಪುಸ್ತಕ ಕಟ್ಟಿಗೆಯ ಪೀಠದ ಮೇಲೆ ಮುಚ್ಚಿತ್ತು. ಅದಕ್ಕೆ ಒರಗಿಸಿ, ಸಿಂದಗಿಯಲ್ಲಿಯೇ ಕಟ್ಟಿಸಿ ತಂದ ಗಾಜಿನ ಫ್ರೇಮು. ಸಿದ್ದಲಿಂಗ ಹಸಿರು ಶಾಲು ಸರಿಮಾಡಿಕೊಳ್ಳುತ್ತ, “ನಾಲ್ಕ ತಾಲೂಕಿಗೆ ಫಸ್ಟ್ ಅಂದ್ರ ಹುಡುಗಾಟ ಅಲ್ರಿ,” ಎನ್ನುತ್ತಿದ್ದ.

ಗುರವ್ವ ಬಾಗಿಲಲ್ಲಿ ತಲೆಬಾಗಿ ಗದ್ದುಗೆಗೆ ನಮಸ್ಕಾರ ಮಾಡಿದಳು. ಆಮೇಲೆ ನೆಟ್ಟಗೆ ನಿಂತಳು.

“ಸಿದ್ದಲಿಂಗಪ್ಪ, ಓದಾಕ ಬರತೈತಿ ಅನ್ನೂ ಕಾಗದ ತಾ, ಪುಸ್ತಕ ಕೊಡ್ತೇನಿ ಅಂದಿದ್ದಿ. ಕಾಗದ ಬಂದೈತಿ. ಪುಸ್ತಕ ಕೊಡು.”

ಅವನು ಮಂದಿಯ ಎದುರು ಕೂತ ಗಂಡಸು, ಬಗ್ಗಲಿಲ್ಲ. “ಇದು ನಂದು, ವೈನಿ. ಫೋನ್ ನಂದು, ನಂಬರ್ ನಂದು, ಹೆಸರು ನಂದು. ನಿನ್ನ ಹೆಸರು ಎಲ್ಲೈತಿ ತೋರಸು ನೋಡೂನು.”

“ಓದ್ಲೇನು?”

“ಓದು, ಓದು. ಎಲ್ಲಾರೂ ಕೇಳ್ಲಿ.”

ಗುರವ್ವ ಕೆಳಗೆ ಕೂತು ಫ್ರೇಮನ್ನು ತೊಡೆಯ ಮೇಲಿಟ್ಟುಕೊಂಡಳು. ಗಾಜಿನ ಮೇಲೆ ಬೆರಳಿಟ್ಟಳು. ಅವಳಿಗೆ ಎರಡು ನಿಮಿಷ ಬೇಕು. ಇಲ್ಲಿ ಒದರುವ ಎಮ್ಮೆ ಇಲ್ಲ.

“ಶ್ರೀ... ಸಿದ್ದಲಿಂಗ... ಯಂಕಂಚಿ... ಇವರು...” ಅಲ್ಲಿಯವರೆಗೆ ಸಿದ್ದಲಿಂಗ ತಲೆಯಾಡಿಸುತ್ತಿದ್ದ. “ಇವರು... ಅಕ್ಷರ... ಬಾರದವರಾಗಿದ್ದು...”

ಕಂಬಕ್ಕೊರಗಿದ್ದ ಮುದುಕ ಮಾಳಿಂಗರಾಯ ಕಿವಿಗೆ ಕೈ ಹಚ್ಚಿದ. “ಏನಂದಿ? ಮತ್ತೊಮ್ಮಿ ಓದವ್ವಾ.”

“ಅಕ್ಷರ ಬಾರದವರಾಗಿದ್ದು,” ಗುರವ್ವನ ದನಿ ಈಗ ಎಡವಲಿಲ್ಲ, “ಈ ವರ್ಷ... ಹೊಸದಾಗಿ... ಓದಲು ಬರೆಯಲು ಕಲಿತು... ಕ್ವಿಜ್‌ನಲ್ಲಿ ಪ್ರಥಮ ಸ್ಥಾನ... ಪಡೆದಿರುತ್ತಾರೆ.”

ಯಾರೋ ಹಿಂದೆ ಮೂಗಿನಲ್ಲಿ ನಕ್ಕರು. ಬಾಗಿಲ ಹೊರಗೆ ನಿಂತಿದ್ದ ಹನಮವ್ವನಿಗೆ ತಡೆಯಲಾಗಲಿಲ್ಲ. “ಹೌದೇನ್ರಿ ಪುರಾಣಿಕರ? ಹಂಗಾದ್ರ ಮೂವತ್ತ ವರ್ಷ ನಮಗ ಓದಿ ಹೇಳಿದ್ದು ಯಾರ್ರಿ?”

ಮಠ ನಕ್ಕಿತು. ಸಿದ್ದಲಿಂಗ ಫ್ರೇಮಿನ ಕಡೆ ನೋಡಿದ. ತನ್ನ ಹೆಸರು ಕಂಡಕೂಡಲೆ ಅವನು ಓದುವುದನ್ನು ನಿಲ್ಲಿಸಿದ್ದ; ಅದರ ಕೆಳಗಿನ ಸಾಲು ಅವನಿಗೆ ಈಗಲೇ ಕಂಡದ್ದು.

ಗುರವ್ವ ನಗಲಿಲ್ಲ. “ನಗಬ್ಯಾಡ್ರಿ,” ಎಂದಳು ಮಂದಿಗೆ, ಅವಳ ಸಿಟ್ಟು ಅವರಿಗೂ ತಾಗಿತು. “ನಾ ಬಾರದಾಕಿ ಇದ್ದೆ. ಅದು ನಗೂ ಮಾತಲ್ಲ. ಅದರಾಗ ಐವತ್ತು ವರ್ಷ ಹೋಗ್ಯಾವ. ಇಂವಗ ಬೇಕಾಗಿದ್ದು ಶಾಲು. ನಾ ಕಳಕೊಂಡಿದ್ದು ಇವನ ಕಣ್ಣಿಗೆ ಬೀಳಲೇ ಇಲ್ಲ.” ಮೈದುನನ ಕಡೆ ತಿರುಗಿದಳು. “ಬೋಗಾಣಿ ನಿಂದಪ್ಪ, ಖರೇ. ಸಾರು ಕುದಿಸಿದ್ದು ಯಾರು? ಒಲಿ ಮುಂದ ಕಣ್ಣು ಕೆಂಪು ಮಾಡಿಕೊಂಡು ಕುಂತಾಕಿ ಯಾರು? ಶಿವನ ಮುಂದ ಕುಂತಿ, ಹೇಳು.”

ಸಿದ್ದಲಿಂಗ ಹೆಗಲ ಮೇಲಿನ ಶಾಲನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅವಳು ಬಟ್ಟಲನ್ನು ಪೀಠದ ಪಕ್ಕ ಇಟ್ಟಳು. “ತಗೋ, ನಿನ್ನ ಫೋನು. ಒರಸೇನಿ. ಬೆಲ್ಲ ಐತಿ, ಬಾಯಿಗೆ ಹಾಕ್ಕೋ.” ಪುಸ್ತಕದ ಕಡೆ ಕೈ ಚಾಚಿದಳು, ಮುಟ್ಟಲಿಲ್ಲ, ಕೈ ಹಿಂದಕ್ಕೆ ತೆಗೆದುಕೊಂಡಳು. “ಕಸಗೊಂಡು ಹೋಗಂಗಿಲ್ಲ ನಾ. ಇಸಗೊಂಡವರ ಕೊಡಬೇಕು.”

ಮರುದಿನದ ತರಗತಿಯಲ್ಲಿ ಪಲ್ಲವಿ ಕಣ್ಣಲ್ಲಿ ನೀರು ತಂದುಕೊಂಡು ನಿಂತಳು. “ತಪ್ಪು ನಂದ ಐತಿ, ದೊಡ್ಡವ್ವ. ಮೊದಲನೇ ದಿನಾನ ನಾ ಬ್ಯಾರೆ ಹೆಸರು ಮಾಡಿಕೊಡಬೇಕಿತ್ತು. ಸಂಸ್ಥೆಗೆ ಬರದೇನಿ, ತಿದ್ದಿ ಕಳಸ್ತಾರಂತ, ತಿಂಗಳಾಗಬಹುದು.”

“ನಿಂದೂ ಐತಿ, ನಂದೂ ಐತಿ,” ಎಂದಳು ಗುರವ್ವ. ಅವಳ ಸಿಟ್ಟು ಇಳಿದಿರಲಿಲ್ಲ. ಇಳಿಸಿಕೊಳ್ಳುವ ಇಚ್ಛೆಯೂ ಇರಲಿಲ್ಲ. ಪಲ್ಲವಿ ತನ್ನ ಫೋನನ್ನೇ ಅವಳ ಕೈಗೆ ಕೊಟ್ಟಳು. ಹೆಸರಿನ ಜಾಗ ಖಾಲಿ ಇತ್ತು. ಅಳಿಸಬೇಕಾದ್ದು ಏನೂ ಇರಲಿಲ್ಲ. ಗುರವ್ವ ನಾಲ್ಕು ಸಲ ತಪ್ಪಿ, ಐದನೆಯ ಸಲಕ್ಕೆ ತನ್ನ ಹೆಸರು ಒತ್ತಿದಳು.

ಆ ವಾರವೆಲ್ಲ ಮಠದಲ್ಲಿ ಪುರಾಣ ನಡೆಯಲಿಲ್ಲ. ಸಿದ್ದಲಿಂಗನ ಗಂಟಲು ಕಟ್ಟಿದೆ ಎಂದು ಸುದ್ದಿಯಾಯಿತು. ಗೋಡೆಯಾಚೆಯಿಂದ ಕೆಮ್ಮು ಮಾತ್ರ ಕೇಳಿಸಲಿಲ್ಲ.

ಮುಂದಿನ ಸೋಮವಾರ ಗಾಳಿ ನಿಂತು ಸಣ್ಣಗೆ ಹನಿಯುತ್ತಿತ್ತು. ಗುರವ್ವ ಅಂಗಳದ ಚಪ್ಪರದಡಿ ತಂದೆಯ ಹೆಸರಿನ ಬೋಗಾಣಿಯನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಬಾಗಿಲ ಚಿಲಕ ಸರಿದ ಸದ್ದಾಯಿತು. ಸಿದ್ದಲಿಂಗ ಒಳಗೆ ಬಂದ. ಎದೆಗೆ ಹಿಡಿದ ಗಂಟು ನೆನೆಯದಂತೆ ಮೈ ಬಗ್ಗಿಸಿಕೊಂಡಿದ್ದ. ಅವನ ಬೆನ್ನು ಪೂರ್ತಿ ತೊಯ್ದಿತ್ತು.

ಅವಳು ತಲೆ ಎತ್ತಲಿಲ್ಲ, ಕೈ ತೊಳೆದುಕೊಂಡಳು.

ಅವನು ಕಟ್ಟೆಯ ಒಣ ಜಾಗ ನೋಡಿ ಗಂಟನ್ನು ಇಳಿಸಿದ. ಆ ಹಸಿರು ಶಾಲಿನಲ್ಲಿಯೇ ಕಾಳಪ್ಪನ ಪುಸ್ತಕವನ್ನು ಸುತ್ತಿ ತಂದಿದ್ದ. ಎರಡೂ ಕೈಯಿಂದ ಅದನ್ನು ಅವಳ ಕಡೆ ಸರಿಸಿದ.