ರಾಹುಕಾಲದಲ್ಲಿ ನಿಂತ ಲಿಫ್ಟು

ಚಿದಾನಂದನನ್ನು ಕಂಡರೆ ವಿಮಲಾಗೆ ಆಗುತ್ತಿರಲಿಲ್ಲ. ಇದರಲ್ಲಿ ಮುಚ್ಚುಮರೆ ಏನಿಲ್ಲ, ಆಫೀಸಿನ ಗೋಡೆಗೂ ಗೊತ್ತಿದ್ದ ಸಂಗತಿ. ಅವನು ಹಾಕಿಕೊಂಡು ಬರುವ ಸೆಂಟು ಮೆಟ್ಟಿಲ ಹತ್ತಿರ ಮೂಗಿಗೆ ಬಡಿಯುತ್ತಲೇ ಅವಳ ಮುಖ ಹುಳ್ಳಗಾಗುತ್ತಿತ್ತು. ಅವನಿಗೂ ಅಷ್ಟೇ. ಅವಳ ಊಟದ ಡಬ್ಬಿಯ ಬೆಳ್ಳುಳ್ಳಿ ವಾಸನೆಯಿಂದ ಹಿಡಿದು ಅವಳು ಫೋನಿನಲ್ಲಿ ಮಾತಾಡುವ ರೀತಿಯವರೆಗೆ ಯಾವುದೂ ಸೇರುತ್ತಿರಲಿಲ್ಲ. ಅವನು ಬರುವ ಮೊದಲು ಆಫೀಸಿನಲ್ಲಿ ಎಲ್ಲ ಚೆನ್ನಾಗಿತ್ತು ಅಂತಲ್ಲ. ಆದರೆ ಚೆನ್ನಾಗಿಲ್ಲದ್ದೂ ವಿಮಲಾಗೆ ಒಗ್ಗಿಹೋಗಿತ್ತು.

ಆಫೀಸು ಇದ್ದದ್ದು ಜೆ.ಪಿ. ನಗರದ ಮೂರನೇ ಫೇಸಿನಲ್ಲಿ, ಬೇಕರಿಯೊಂದರ ಮೇಲೆ. ಯಜಮಾನರು ಗುರುಶಾಂತಪ್ಪ. ಅಪಾರ್ಟ್‌ಮೆಂಟುಗಳ ಲಿಫ್ಟುಗಳನ್ನು ವರ್ಷದ ಲೆಕ್ಕದಲ್ಲಿ ವಹಿಸಿಕೊಂಡು ನೋಡಿಕೊಳ್ಳುವುದು ಅವರ ಕಸುಬು. ಲಿಫ್ಟು ಕೆಟ್ಟರೆ ಜನ ಆಫೀಸಿಗೆ ಫೋನ್ ಮಾಡುತ್ತಿದ್ದರು, ವಿಮಲಾ ಎತ್ತುತ್ತಿದ್ದಳು, ಮೆಕ್ಯಾನಿಕ್ ಬಸವಂತನಿಗೆ ತಿಳಿಸುತ್ತಿದ್ದಳು, ಅವನು ಬೈಕು ಹತ್ತುತ್ತಿದ್ದ. ಇಷ್ಟೇ ವ್ಯವಸ್ಥೆ. ವಿಮಲಾಳ ಕೂದಲು ಬೆಳ್ಳಗಾಗಿದ್ದು ಆ ಕುರ್ಚಿಯಲ್ಲೇ. ಗಂಡನಿಲ್ಲ, ಮಕ್ಕಳಿಲ್ಲ, ಇದ್ದದ್ದು ಬನಶಂಕರಿಯ ಬಾಡಿಗೆ ಮನೆ ಮತ್ತು ಈ ಕುರ್ಚಿ. ಐವತ್ತರ ಹತ್ತಿರ ಬಂದ ಹೆಂಗಸನ್ನು ಕರೆದು ಬೇರೆ ಕೆಲಸ ಕೊಡುವವರಾದರೂ ಯಾರು?

ಗುರುಶಾಂತಪ್ಪನವರಿಗೆ ಒಂದು ನಿಯಮವಿತ್ತು. ರಾಹುಕಾಲದಲ್ಲಿ ಕೊಟೇಶನ್ ಹೊರಗೆ ಹೋಗಬಾರದು. ಬಾಯಲ್ಲಿ ರೇಟು ಹೇಳುವ ಹಾಗಿಲ್ಲ, ಈಮೇಲ್ ಕಳಿಸುವ ಹಾಗಂತೂ ಇಲ್ಲವೇ ಇಲ್ಲ. ಮೊದಲೆಲ್ಲ ವಿಮಲಾ ಟೈಪು ಮಾಡಿಟ್ಟು, ಗೋಡೆಯ ಕ್ಯಾಲೆಂಡರಿನಲ್ಲಿ ಆವತ್ತಿನ ರಾಹುಕಾಲ ನೋಡಿ, ಹೊತ್ತು ದಾಟುವವರೆಗೆ ಕೈಕಟ್ಟಿ ಕೂತು, "ಸಾರ್, ಕಳಿಸ್ಲಾ?" ಎಂದು ಕೇಳಿ ಆಮೇಲೆ ಒತ್ತುತ್ತಿದ್ದಳು. ಹಾಗೆ ಕೇಳುವಾಗ ಇಡೀ ಕಂಪನಿ ತನ್ನ ಬೆರಳ ತುದಿಯಲ್ಲಿದೆ ಅನ್ನಿಸಿ ಅವಳಿಗೆ ಒಳಗೊಳಗೇ ಖುಷಿಯಾಗುತ್ತಿತ್ತು.

ಚಿದಾನಂದ ಮ್ಯಾನೇಜರ್ ಆಗಿ ಬಂದ. ಕಂಕುಳಲ್ಲಿ ಲ್ಯಾಪ್‌ಟಾಪು, ಲ್ಯಾಪ್‌ಟಾಪಿನಲ್ಲಿ ಒಂದು ಸಾಫ್ಟ್‌ವೇರು. ಮೇಲ್, ಕೆಲಸ, ಹೊತ್ತು, ಮೂರನ್ನೂ ಅದೊಂದೇ ನೋಡಿಕೊಳ್ಳುತ್ತದಂತೆ. ಕಂಪ್ಲೇಂಟಿನ ಮೇಲ್ ಬಂದರೆ ಅದನ್ನೊಂದು ಟಾಸ್ಕ್ ಮಾಡಿ ಮೆಕ್ಯಾನಿಕ್‌ನ ಮೊಬೈಲಿಗೆ ತಾನೇ ಕಳಿಸುತ್ತದಂತೆ. ಯಾರು ಎಷ್ಟು ಹೊತ್ತು ದುಡಿದರು, ಯಾರು ಕಾಲಹರಣ ಮಾಡಿದರು ಅಂತ ಹಸಿರು ಕೆಂಪು ಬಳಿದು ತೋರಿಸುತ್ತದಂತೆ. ಯಜಮಾನರು ಮೊದಲು ತಲೆ ಕೆರೆದುಕೊಂಡರು. ಆಗ ಚಿದಾನಂದ ಬೆಣ್ಣೆ ಹಚ್ಚಿದ.

"ಸಾರ್, ನಿಮ್ ರಾಹುಕಾಲಾನೂ ಇದ್ರಲ್ಲಿ ಹಾಕ್ಬಿಟ್ಟಿದೀನಿ. ಒಂದೊಂದ್ ದಿನಕ್ಕೆ ಒಂದೊಂದ್ ಟೈಮು. ಆ ಟೈಮಲ್ಲಿ ಒಂದೇ ಒಂದ್ ಮೇಲೂ ಆಚೆ ಹೋಗಲ್ಲ. ಮುಗಿದ ತಕ್ಷಣ ತಾನೇ ಹೊರಟೋಗುತ್ತೆ."

ಗುರುಶಾಂತಪ್ಪ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟರು. "ನೋಡಮ್ಮ ವಿಮಲಾ, ಮಷೀನಿಗೂ ರಾಹುಕಾಲ ಗೊತ್ತಾಯ್ತು!"

ವಿಮಲಾ ನಕ್ಕಳು, ಅಂದರೆ ಹಲ್ಲು ತೋರಿಸಿದಳು. ಚಿದಾನಂದನಿಗೆ ರಾಹುವಿನಲ್ಲೂ ನಂಬಿಕೆಯಿಲ್ಲ, ಕೇತುವಿನಲ್ಲೂ ಇಲ್ಲ. ದೊಡ್ಡವರನ್ನು ಬುಟ್ಟಿಗೆ ಹಾಕಿಕೊಳ್ಳಲು ಒಂದು ಟಿಕ್ ಹಾಕಿದ್ದ ಅಷ್ಟೇ. ಆ ಟಿಕ್ಕಿನಿಂದ ವಿಮಲಾಳ "ಕಳಿಸ್ಲಾ?" ಮುಗಿದುಹೋಯಿತು.

ಅಲ್ಲಿಗೆ ನಿಂತಿದ್ದರೆ ಅವಳು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದಳೇನೋ. ಅವನು ನಿಲ್ಲಲಿಲ್ಲ. ಲಿಫ್ಟುಗಳ ಒಳಗೆ ಅಂಟಿಸಿದ್ದ ಆಫೀಸಿನ ಫೋನ್ ನಂಬರನ್ನು ಕೆರೆದು ತೆಗೆಸಿ ಅಲ್ಲಿ ಈಮೇಲ್ ವಿಳಾಸ ಅಂಟಿಸಿದ. ಆಫೀಸಿನ ನಂಬರಿಗೆ ಯಾರಾದರೂ ಫೋನ್ ಮಾಡಿದರೆ, ದೂರನ್ನು ಮೇಲ್ ಮೂಲಕವೇ ಕಳಿಸಿ ಎಂದು ಯಾವುದೋ ಹುಡುಗಿಯ ರೆಕಾರ್ಡಿಂಗ್ ಉಲಿಯುವಂತೆ ಮಾಡಿದ. ವಿಮಲಾಳ ಮೇಜಿನ ಫೋನಿನಿಂದ ಹೊರಗೆ ಮಾಡಬಹುದಿತ್ತು, ಒಳಗೆ ಏನೂ ಬರುತ್ತಿರಲಿಲ್ಲ. ಮೆಕ್ಯಾನಿಕ್‌ಗಳಿಗೂ ಕಟ್ಟಪ್ಪಣೆಯಾಯಿತು. ಬಸವಂತ ಕೊಪ್ಪಳದ ಕಡೆಯವನು, ಬಿಟಿಎಂನಲ್ಲಿ ರೂಮು ಮಾಡಿಕೊಂಡಿದ್ದ. ಒಂದು ದಿನ ಮೆಟ್ಟಿಲ ಹತ್ತಿರ ಸಿಕ್ಕಿ ಗೋಳು ಹೇಳಿಕೊಂಡ.

"ಮೇಡಮ್ಮಾರ, ಮೊದ್ಲ ನಿಮ್ದೊಂದ್ ಫೋನ್ ಬಂದ್ರ ಸಾಕಾಗಿತ್ರಿ. ಈಗ ಟಾಸ್ಕ್ ಬರೂತನಕ ಗಾಡಿ ಚಾಲೂ ಮಾಡಬ್ಯಾಡ ಅಂತಾರ್ರಿ ಅವ್ರು."

"ಅವ್ರು ಹೇಳ್ದಂಗೇ ಕೇಳಿ ಬಸವಂತ," ಎಂದಳು ವಿಮಲಾ. ಮೈಯೆಲ್ಲ ಉರಿಯುತ್ತಿತ್ತು.

ಆ ಸಾಫ್ಟ್‌ವೇರಿನ ಕಣ್ಣಿಗೆ ಕೆಲಸವೆಂದರೆ ಕೀಬೋರ್ಡು ಕುಟ್ಟಬೇಕು, ಮೌಸು ಅಲ್ಲಾಡಬೇಕು. ಜನರ ಜೊತೆ ಮಾತಾಡುವುದು ಅದರ ಲೆಕ್ಕಕ್ಕೇ ಇಲ್ಲ. ಹಾಗಾಗಿ ವಿಮಲಾಳ ಹೆಸರಿನ ಮುಂದೆ ದಿನವೂ ಕೆಂಪು. ಚಿದಾನಂದ ಅದನ್ನು ದೊಡ್ಡ ಪರದೆಯಲ್ಲಿ ಹಾಕಿ ಎಲ್ಲರೆದುರು ಓದುತ್ತಿದ್ದ.

"ಮೇಡಂ, ನಿಮ್ದು ಇವತ್ತೂ ಫುಲ್ ಕೆಂಪು. ಸಾರ್, ತಪ್ಪು ತಿಳ್ಕೋಬೇಡಿ, ಇವ್ರಿಗೆ ಕಂಪ್ಯೂಟರ್ ತಲೆಗೇ ಹೋಗಲ್ಲ. ಈ ತಿಂಗಳ ರಿಪೋರ್ಟೂ ಹಿಂಗೇ ಬಂದ್ರೆ ಈ ಸೀಟು ಬೇಕಾಗಿಲ್ಲ ಅಂತ ನಾನೇ ಬರೆದು ಕೊಡ್ತೀನಿ."

ಗುರುಶಾಂತಪ್ಪ ಏನಾದರೂ ಹೇಳಿಯಾರು ಎಂದು ವಿಮಲಾ ಅವರ ಮುಖ ನೋಡಿದಳು. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಇಷ್ಟು ವರ್ಷ ಚಾಕರಿ ಮಾಡಿದ್ದಕ್ಕೆ ಸಿಕ್ಕಿದ್ದು ಅದು.

ಅದಾದ ಮಂಗಳವಾರ ಮಧ್ಯಾಹ್ನ, ಯಾವುದೋ ಲಿಫ್ಟಿನಲ್ಲಿ ಫ್ಯಾನು ತಿರುಗುತ್ತಿಲ್ಲ ಎಂದು ಮೇಲ್ ಬಂತು. ಟಾಸ್ಕ್ ಆಗಿ ಪರದೆಯ ಮೇಲೆ ಕೂತಿತು, ಪಕ್ಕದಲ್ಲಿ ಒಂದು ಪುಟ್ಟ ಗಡಿಯಾರದ ಗುರುತು. ಬಸವಂತನಿಗೆ ಹೋಗಲೇ ಇಲ್ಲ. ವಿಮಲಾ ನೋಡುತ್ತಲೇ ಇದ್ದಳು. ಮಂಗಳವಾರದ ರಾಹುಕಾಲ ಮುಗಿದ ಕೂಡಲೇ ಗಡಿಯಾರ ಮಾಯವಾಗಿ ಟಾಸ್ಕ್ ಹೊರಟಿತು. ಆಗ ಅವಳಿಗೆ ಅರ್ಥವಾಯಿತು. ಕೊಟೇಶನ್ನಿಗೆ ಮಾತ್ರ ಹಾಕಬೇಕಾದ ಟಿಕ್ಕನ್ನು ಈ ಮಹಾಶಯ ಎಲ್ಲಕ್ಕೂ ಹಾಕಿ ಕೂತಿದ್ದಾನೆ. ಬಸವಂತನಿಗೆ ಹೋಗುವ ಟಾಸ್ಕೂ ಆ ಮಷೀನಿನ ಲೆಕ್ಕದಲ್ಲಿ ಹೊರಗೆ ಹೋಗುವ ಈಮೇಲೇ. ರಾಹುಕಾಲದಲ್ಲಿ ಲಿಫ್ಟು ಕೆಟ್ಟರೆ ರಾಹು ದಾಟುವವರೆಗೂ ಯಾರಿಗೂ ಸುದ್ದಿಯಿಲ್ಲ.

ಗಾಜಿನ ಕ್ಯಾಬಿನ್ನಿನ ಬಾಗಿಲು ತಟ್ಟಿ ಒಂದು ಮಾತು ಹೇಳಬಹುದಿತ್ತು. ಹೇಳಿದ್ದರೆ ಅವನು ಟಿಕ್ ತೆಗೆಯುತ್ತಿದ್ದ, ಆಮೇಲೆ ಹೆಸರು ತಾನೇ ತಗೊಳ್ಳುತ್ತಿದ್ದ. ವಿಮಲಾ ಬಾಯಿ ಮುಚ್ಚಿಕೊಂಡಳು. ಬೀಳಲಿ, ಮೂತಿ ಹೊಡೆದುಕೊಂಡು ಬೀಳಲಿ, ಎಲ್ಲರೂ ನೋಡುವ ಹಾಗೆ ಬೀಳಲಿ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಹಾಗೆ ಅಂದುಕೊಂಡು ಅವಳಿಗೆ ಎಷ್ಟೋ ವಾರಗಳ ಮೇಲೆ ಮನೆಯಲ್ಲಿ ಊಟ ರುಚಿಸಿತು.

ಶುಕ್ರವಾರದ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಗುರುಶಾಂತಪ್ಪ ಬ್ಯಾಂಕಿಗೆ ಹೋಗಿದ್ದರು. ಚಿದಾನಂದ ಕ್ಯಾಬಿನ್ನಿನಲ್ಲಿ ಕೂತು ತಿಂಗಳ ರಿಪೋರ್ಟು ತಯಾರಿಸುತ್ತಿದ್ದ. ಗಮನ ಕೆಡಬಾರದೆಂದು ತನ್ನ ಪರದೆಗೆ ಯಾವ ಮೇಲೂ ಬಾರದಂತೆ ಮಾಡಿಕೊಳ್ಳುವ ಬಟನ್ನು ಅದರಲ್ಲಿತ್ತು, ಅದನ್ನೂ ಒತ್ತಿದ್ದ. ಫೋನನ್ನು ಬೋರಲು ಹಾಕಿದ್ದ. ವಿಮಲಾಳ ಪರದೆಯಲ್ಲಿ ಮಾತ್ರ ಮೊದಲ ಮೇಲ್ ಕಾಣಿಸಿತು. ಕುಮಾರಸ್ವಾಮಿ ಲೇಔಟಿನ ಒಂದು ಅಪಾರ್ಟ್‌ಮೆಂಟು, ಬರೆದವರು ಅಲ್ಲಿಯ ಸೆಕ್ರೆಟರಿ ಸೋಮನಾಥ್. ಬಿ ಬ್ಲಾಕಿನ ಲಿಫ್ಟು ನಿಂತಿದೆ, ಬೇಗ ಬನ್ನಿ.

ಪಕ್ಕದಲ್ಲಿ ಪುಟ್ಟ ಗಡಿಯಾರ ಬಂದು ಕೂತಿತು. ವಿಮಲಾ ಕೈಕಟ್ಟಿ ಹಿಂದಕ್ಕೆ ಒರಗಿದಳು. ಕೊನೆಗೂ ಬಂತಲ್ಲ ಎಂದು ಎದೆ ಹಗುರಾಯಿತು. ನಾಲ್ಕು ಜನ ಮೆಟ್ಟಿಲು ಹತ್ತಿ ಬೈದುಕೊಳ್ಳುತ್ತಾರೆ, ಸೆಕ್ರೆಟರಿ ಬಂದು ಕೂಗಾಡುತ್ತಾರೆ, ಚಿದಾನಂದನ ಬಣ್ಣ ಬಯಲಾಗುತ್ತದೆ. ಇಷ್ಟೇ ಅವಳ ಲೆಕ್ಕ.

ಎರಡನೇ ಮೇಲ್ ಬಂತು. ಎರಡು ಮಹಡಿಗಳ ಮಧ್ಯೆ ನಿಂತಿದೆ, ಒಳಗೆ ಒಬ್ಬರು ಸಿಕ್ಕಿಕೊಂಡಿದ್ದಾರೆ. ವಿಮಲಾ ನೆಟ್ಟಗೆ ಕೂತಳು. ಇನ್ನೊಂದು ಹತ್ತು ನಿಮಿಷ ನೋಡೋಣ ಎಂದುಕೊಂಡಳು. ಕ್ಯಾಬಿನ್ನಿನೊಳಗೆ ಅವನು ಕೆಳಗಿನ ಬೇಕರಿಯ ಪಫ್ಸ್ ತಿನ್ನುತ್ತ ಅವಳ ಹೆಸರಿನ ಮುಂದಿನ ಕೆಂಪನ್ನು ಕೂಡಿಸುತ್ತಿದ್ದುದು ಗಾಜಿನಾಚೆಯಿಂದಲೇ ಕಾಣುತ್ತಿತ್ತು. ಹತ್ತು ನಿಮಿಷ ಕಳೆಯಿತು, ಇನ್ನೂ ಸ್ವಲ್ಪ ಕಳೆಯಿತು.

ಮೂರನೆಯದು ಬಂತು. ವಯಸ್ಸಾದ ಹೆಂಗಸು, ಕೂಗಿದರೆ ಉತ್ತರ ಸಣ್ಣಗೆ ಬರುತ್ತಿದೆ, ಬಾಗಿಲು ತೆಗೆಯುವ ಕೀ ನಿಮ್ಮ ಮೆಕ್ಯಾನಿಕ್ ಹತ್ತಿರ ಇದೆ, ನಿಮ್ಮ ನಂಬರಿಗೆ ಮಾಡಿದರೆ ರೆಕಾರ್ಡಿಂಗ್ ಬರುತ್ತಿದೆ, ದಯವಿಟ್ಟು ಯಾರಾದರೂ ನೋಡಿ.

ವಿಮಲಾ ಫೋನು ಎತ್ತಿ ಬಸವಂತನ ನಂಬರು ಒತ್ತತೊಡಗಿದಳು. ಪೂರ್ತಿ ಒತ್ತುವ ಮೊದಲೇ ಕ್ಯಾಬಿನ್ನಿನ ಬಾಗಿಲು ತೆರೆಯಿತು.

"ಏನ್ ಮೇಡಂ, ಮತ್ತೆ ಫೋನಾ? ಎಷ್ಟ್ ಸಲ ಹೇಳ್ಬೇಕು ನಿಮ್ಗೆ?"

"ಇಲ್ಲ, ಅದು, ಒಂದ್ ಕಂಪ್ಲೇಂಟು..."

"ಕಂಪ್ಲೇಂಟ್ ಬಂದ್ರೆ ಟಾಸ್ಕ್ ಹೋಗುತ್ತೆ. ಅದು ನಿಮ್ ಕೆಲಸ ಅಲ್ಲ. ನಿಮ್ಗೆ ಏನ್ ಕೆಲಸ ಇದೆ ಅಂತಾನೇ ನಾನು ರಿಪೋರ್ಟಲ್ಲಿ ಹುಡುಕ್ತಾ ಇದೀನಿ, ಸಿಗ್ತಾ ಇಲ್ಲ. ಇಡಿ ಕೆಳಗೆ."

ಒಂದೇ ಮಾತು ಸಾಕಾಗಿತ್ತು. ಒಳಗೆ ಮುದುಕಿ ಸಿಕ್ಕಿಕೊಂಡಿದ್ದಾಳೆ ಎಂದಿದ್ದರೆ ಎಂಥ ಚಿದಾನಂದನಾದರೂ ಓಡುತ್ತಿದ್ದ. ವಿಮಲಾ ಅವನ ಮುಖ ನೋಡಿದಳು, ಮೀಸೆಯ ಮೇಲೆ ಪಫ್ಸಿನ ಪುಡಿ ಅಂಟಿತ್ತು. ಅವಳೊಳಗೆ ಏನೋ ಕಲ್ಲಾಯಿತು.

"ಸರಿ ಸಾರ್," ಎಂದು ಫೋನು ಕೆಳಗಿಟ್ಟಳು.

ಅವನು ಒಳಗೆ ಹೋದ. ಆಮೇಲೆ ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ಮೊಬೈಲು ಚೀಲದಲ್ಲಿತ್ತು, ಮೆಟ್ಟಿಲ ಹತ್ತಿರ ಹೋಗಿ ಮಾಡಬಹುದಿತ್ತು. ಮಾಡಲಿಲ್ಲ. ಪರದೆ ನೋಡಬಾರದೆಂದು ಕಿಟಕಿಯ ಕಡೆ ತಿರುಗಿದಳು, ಮತ್ತೆ ಪರದೆಯನ್ನೇ ನೋಡಿದಳು. ನಾಲ್ಕನೇ ಮೇಲ್ ಬರಲಿಲ್ಲ. ಬಾರದಿದ್ದುದೇ ಅವಳಿಗೆ ಹೆದರಿಕೆ ಹುಟ್ಟಿಸಿತು, ಆದರೂ ಏಳಲಿಲ್ಲ. ಹನ್ನೆರಡು ಹೊಡೆಯಿತು. ಗಡಿಯಾರದ ಗುರುತುಗಳು ಒಟ್ಟಿಗೇ ಅಳಿಸಿಹೋಗಿ ಮೂರೂ ಟಾಸ್ಕುಗಳು ಬಸವಂತನಿಗೆ ಹೋದವು.

ಸ್ವಲ್ಪ ಹೊತ್ತಿನ ಮೇಲೆ ಬಸವಂತ ಅವಳ ಮೊಬೈಲಿಗೇ ಮಾಡಿದ. ಉಸಿರು ಹಿಡಿದು ಹಿಡಿದು ಮಾತಾಡುತ್ತಿದ್ದ. "ಮೇಡಮ್ಮಾರ, ಬಾಗ್ಲಾ ತಗದ್ರ ಅಮ್ಮಾರು ಕೆಳಗ ಬಿದ್ದಿದ್ರು. ಎಚ್ಚರ ಇರ್ಲಿಲ್ರಿ. ಫ್ಯಾನ್ ಸುದ್ದಾ ನಿಂತಿತ್ತು. ದವಾಖಾನಿಗೆ ಒಯ್ದೇವಿ, ಸಲಾಯಿನ್ ಹಚ್ಯಾರ. ಜೀವಕ್ಕೇನೂ ಇಲ್ಲ ಅಂದ್ರು ಡಾಕ್ಟ್ರು. ಒಂದ್ ತಾಸಿನ ಮ್ಯಾಲೆ ಒಳಗ ಇದ್ರಂತ. ಯಾಕ್ರೀ ನನಗ ಯಾರೂ ಹೇಳ್ಲಿಲ್ಲ?"

"ಗೊತ್ತಿಲ್ಲ ಬಸವಂತ," ಎಂದಳು ವಿಮಲಾ. ಜೀವಕ್ಕೇನೂ ಇಲ್ಲ ಎಂಬ ಮಾತು ಕೇಳಿದ ಮೇಲೇ ಅವಳಿಗೆ ಉಸಿರು ಬಂದದ್ದು.

ಸಂಜೆಯ ಹೊತ್ತಿಗೆ ಅವಳು ಬಯಸಿದ್ದೆಲ್ಲ ನಡೆಯಿತು. ಸೋಮನಾಥ್ ಬಂದು ಮೇಜು ಗುದ್ದಿ ಹೋದರು. ತಾವು ಹೇಳಿದ್ದು ಕೊಟೇಶನ್ನಿಗೆ, ಉಸಿರು ಕಟ್ಟಿದವರಿಗಲ್ಲ ಎಂದು ಗುರುಶಾಂತಪ್ಪ ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಿದರು. ಚಿದಾನಂದನ ಮುಖದಲ್ಲಿ ರಕ್ತವಿರಲಿಲ್ಲ. ತಡವರಿಸುತ್ತ ವಿಮಲಾಳ ಕಡೆ ಬೆರಳು ತೋರಿಸಿದ.

"ಸಾರ್, ಇವ್ರ ಸ್ಕ್ರೀನಲ್ಲಿ ಎಲ್ಲಾ ಕಾಣ್ತಾ ಇತ್ತು. ನೋಡ್ಕೊಂಡು ಸುಮ್ನೆ ಕೂತಿದ್ರು ಸಾರ್!"

ಅವನು ಆ ಆಫೀಸಿನಲ್ಲಿ ಅವಳ ಬಗ್ಗೆ ಆಡಿದ ಮೊದಲ ನಿಜವದು. ಯಾರೂ ನಂಬಲಿಲ್ಲ.

"ಆಕೆಗೆ ಕಂಪ್ಯೂಟರ್ ತಲೆಗೇ ಹೋಗಲ್ಲ ಅಂತ ಎಲ್ರ ಮುಂದೆ ಹೇಳಿದ್ದು ನೀನೇ ಅಲ್ವೇನಯ್ಯ?" ಎಂದರು ಗುರುಶಾಂತಪ್ಪ. ಆಮೇಲೆ ತಿರುಗಿ, "ನಿಂಗೇನಾದ್ರೂ ಗೊತ್ತಿತ್ತೇನಮ್ಮ?" ಎಂದು ಕೇಳಿದರು.

"ನಂಗೆಲ್ಲಿ ಅರ್ಥ ಆಗುತ್ತೆ ಸಾರ್ ಅದೆಲ್ಲ," ಎಂದಳು ವಿಮಲಾ.

ನಾಳೆಯಿಂದ ಬರಬೇಡ ಅನ್ನಿಸಿಕೊಂಡು ಚಿದಾನಂದ ಲ್ಯಾಪ್‌ಟಾಪು ಕಂಕುಳಿಗಿಟ್ಟುಕೊಂಡು ಹೊರಟ. ಅವಳ ಮೇಜಿನ ಹತ್ತಿರ ನಿಂತ. "ನಿಮ್ಗೆ ಗೊತ್ತಿತ್ತು," ಎಂದ ಮೆಲ್ಲಗೆ. ಅವನ ದನಿಯಲ್ಲಿ ಸಿಟ್ಟಿಗಿಂತ ಭಯವೇ ಹೆಚ್ಚಿತ್ತು.

"ಅದು ನನ್ ಕೆಲಸ ಅಲ್ಲ ಅಂದಿದ್ರಿ ಸಾರ್," ಎಂದಳು.

ಮರುವಾರ ಸಾಫ್ಟ್‌ವೇರು ಹೋಯಿತು, ರೆಕಾರ್ಡಿಂಗಿನ ಹುಡುಗಿ ಹೋದಳು, ಲಿಫ್ಟುಗಳಲ್ಲಿ ಮತ್ತೆ ಫೋನ್ ನಂಬರು ಅಂಟಿತು. ಗುರುಶಾಂತಪ್ಪ ಸಂಬಳವನ್ನೂ ಸ್ವಲ್ಪ ಏರಿಸಿದರು. "ಈ ಸೀಟಲ್ಲಿ ನೀನಿದ್ರೇನೇ ಸರಿಯಮ್ಮ," ಎಂದರು. ವಿಮಲಾ ಕುರ್ಚಿಯ ಮೇಲೆ ಹೊಸ ಕುಶನ್ನು ಹಾಕಿಕೊಂಡು ಕೂತಳು. ಫೋನು ರಿಂಗಾಯಿತು.

"ಲಿಫ್ಟ್ ಆಫೀಸಾ?" ವಯಸ್ಸಾದ ಹೆಂಗಸಿನ ದನಿ, ನಡುನಡುವೆ ಕೆಮ್ಮು. "ನಾನು ಬಸವಲಿಂಗಮ್ಮ ಅಂತ, ಕುಮಾರಸ್ವಾಮಿ ಲೇಔಟಿಂದ. ಶುಕ್ರವಾರ ಸಿಕ್ಕಾಕೊಂಡಿದ್ನಲ್ಲ, ಅವ್ಳೇ."

ವಿಮಲಾ ರಿಸೀವರನ್ನು ಕಿವಿಗೆ ಒತ್ತಿಕೊಂಡಳು. ಬೈಯುತ್ತಾರೆ ಎಂದು ಕಾದಳು. ಬೈದರೆ ಸಾಕು ಅನ್ನಿಸುತ್ತಿತ್ತು.

"ಗಲಾಟೆ ಮಾಡೋಕಲ್ಲಮ್ಮ ಫೋನ್ ಮಾಡಿದ್ದು. ನಂಬರ್ ಮತ್ತೆ ಅಂಟ್ಸಿದ್ದಾರೆ ಅಂತ ಗೊತ್ತಾಯ್ತು, ಅದಕ್ಕೇ. ಹಿಂದೊಂದ್ಸಲ ಹಿಂಗೇ ನಿಂತೋದಾಗ ನಿಮ್ಮಲ್ಲಿ ಒಬ್ಬಮ್ಮ ಬಾಗ್ಲು ತೆಗೆಯೋ ತನಕ ಫೋನಲ್ಲಿ ಮಾತಾಡ್ಸ್ತಾನೇ ಇದ್ರು. ಅಡುಗೆ ಏನು, ಮೊಮ್ಮಕ್ಕಳೆಷ್ಟು ಅಂತ. ಶುಕ್ರವಾರ ಕತ್ತಲಲ್ಲಿ ಆ ನಂಬರ್ ಹುಡುಕ್ದೆ ನೋಡಿ, ಕಿತ್ತಾಕಿದ್ರು. ಆಯಮ್ಮ ಇದ್ದಿದ್ರೆ ನನ್ನ ಹಂಗೆ ಬಿಡ್ತಿರ್ಲಿಲ್ಲ ಅಂತ ಅನ್ಕೊಂಡೇ ಬಿದ್ದಿದ್ದೆ. ವಿಮಲಾ ಅಂತ ಹೆಸರು. ಅವ್ರು ಇದಾರಾ?"

ಗುರುಶಾಂತಪ್ಪ ಆ ಕಡೆಯಿಂದ ಯಾರಮ್ಮ ಎಂದು ಕಣ್ಣಲ್ಲೇ ಕೇಳಿದರು. ವಿಮಲಾ ತಲೆ ತಗ್ಗಿಸಿದಳು. ಗಂಟಲಿನಿಂದ ಬಂದ ದನಿ ಅವಳಿಗೇ ಗುರುತು ಸಿಗುವಂತಿರಲಿಲ್ಲ.

"ಇಲ್ಲಮ್ಮ," ಎಂದಳು. "ಅವ್ರು ಕೆಲಸ ಬಿಟ್ರು."

"ಅದಕ್ಕೇ ಮತ್ತೆ," ಎಂದರು ಬಸವಲಿಂಗಮ್ಮ.